ಕುಸಿದ ಸೇತುವೆಯ ಮುಂದೆ

ಒಮ್ಮೆ ಕಂಡ ಸ್ಥಳವನ್ನು ಹಲವು ವರ್ಷಗಳ ಬಳಿಕ ಮತ್ತೆ ಕಾಣಹೊರಟವನು ಏಕಕಾಲದಲ್ಲಿ ಎರಡು ಪಯಣಗಳನ್ನು ಕೈಗೊಳ್ಳುತ್ತಾನೆ. ಒಂದು ನೆಲದ ಮೇಲಿನದು, ಮತ್ತೊಂದು ನೆನಪಿನೊಳಗಿನದು. ಇವೆರಡೂ ಒಂದೇ ತಾಣದಲ್ಲಿ ಕೊನೆಗೊಳ್ಳುವುದೆಂಬ ಭರವಸೆಯಿಲ್ಲ. ಈ ಸತ್ಯವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ‘ಗ್ರೇಟ್ ಓಷನ್ ರೋಡ್’ನಷ್ಟು ಸ್ಪಷ್ಟವಾಗಿ ಕಲಿಸುವ ಕರಾವಳಿಗಳು ವಿರಳ.

ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು, ಮಡಿದ ಸಂಗಾತಿಗಳ ಸ್ಮಾರಕವಾಗಿ, 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿಗಳಿಂದ ಕಡಿದು ನಿರ್ಮಿಸಿದ ರಸ್ತೆಯಿದು. ಟಾರ್ಕೀ ಪಟ್ಟಣದಿಂದ ಆಲನ್ಸ್‌ಫರ್ಡ್‌ವರೆಗೆ ಇದರ ಉದ್ದ ಸುಮಾರು 240 ಕಿ.ಮೀ. 1989ರಲ್ಲಿ ಇಲ್ಲಿಗೆ ಬಂದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮೆಲ್ಬೋರ್ನ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ಮರಳುವ ಬಸ್ಸು. ಪ್ರತಿ ನಿಲುಗಡೆಯಲ್ಲೂ ಹದಿನೈದು ನಿಮಿಷ. ಪೋರ್ಟ್ ಕ್ಯಾಂಪ್‌ಬೆಲ್ ಸಮೀಪದ ‘ಲಂಡನ್ ಬ್ರಿಜ್’ ಎಂಬ ಎರಡು ಕಮಾನುಗಳ ಸುಣ್ಣಕಲ್ಲಿನ ಸಹಜ ಸೇತುವೆಯ ಮೇಲೆ ನಡೆದು, ತಂದೆ, ತಾಯಿ, ಮಗ ಮೂವರೂ ಫೋಟೋ ತೆಗೆಸಿಕೊಂಡು, ಓಡೋಡಿ ಬಸ್ಸು ಹತ್ತಿದರು.

ಅದೇ ತಂದೆ ಇಂದು ಮಗನ ಸಂಸಾರದೊಡನೆ ಮೋಟಾರ್‌ಹೋಮಿನಲ್ಲಿ ಮರಳಿದ್ದಾನೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯಗಳೆಲ್ಲ ಇರುವ ಚಕ್ರದ ಮನೆಯದು. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುವುದರಿಂದ, ಪಶ್ಚಿಮಕ್ಕೆ ಸಾಗುವಾಗ ಕಡಲು ಕಿಟಕಿಯ ಪಕ್ಕದಲ್ಲೇ ಇರುತ್ತದೆ. ಆದರೆ ತಿರುವುಗಳಲ್ಲಿ ವೇಗ ಸಲ್ಲದು. ಹಿಂದೆ ಕಾರುಗಳು ಸಾಲುಗಟ್ಟಿದರೆ ಬದಿಗೆ ಸರಿದು ದಾರಿ ಬಿಡಬೇಕು. ರಾತ್ರಿ ತಂಗುವುದಕ್ಕೆ ಕ್ಯಾರವಾನ್ ಪಾರ್ಕ್ ಸೇರಬೇಕು. ನೀರು ತುಂಬಿಸಬೇಕು, ಕೊಳಚೆಯ ತೊಟ್ಟಿಯನ್ನು ಗೊತ್ತಾದ ಜಾಗದಲ್ಲೇ ಬರಿದು ಮಾಡಬೇಕು. ಮನೆಯನ್ನೇ ಹೊತ್ತು ನಡೆದವನಿಗೆ ಮನೆಗೆಲಸ ತಪ್ಪೀತೇ? ಆದರೂ ಈ ನಿಧಾನಗತಿಗೆ ಪ್ರತಿಫಲವಿದೆ. ಪ್ರವಾಸಿ ಬಸ್ಸುಗಳು ಹೊರಟುಹೋದ ಮೇಲಿನ ಸಂಜೆ, ಅವು ಬರುವ ಮುನ್ನಿನ ಮುಂಜಾವು ಅವನ ಪಾಲಿಗೆ ದೊರೆಯುತ್ತವೆ.

ಆದರೆ ಆ ಸೇತುವೆಯೇ ಈಗಿಲ್ಲ. 1990ರ ಜನವರಿ 15ರಂದು ದಡಕ್ಕೆ ಅಂಟಿಕೊಂಡಿದ್ದ ಕಮಾನು ಕುಸಿಯಿತು. ಆಚೆ ಸಿಲುಕಿದ ಇಬ್ಬರು ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಪಾರುಮಾಡಲಾಯಿತು. ಉಳಿದ ಭಾಗಕ್ಕೆ ಈಗ ‘ಲಂಡನ್ ಆರ್ಚ್’ ಎಂದು ಹೆಸರು. ಹತ್ತಿರದ ‘ಹನ್ನೆರಡು ಪ್ರೇಷಿತರು’ ಎಂಬ ಶಿಲಾಸ್ತಂಭಗಳು ಹೆಸರಿಗೆ ಹನ್ನೆರಡಾದರೂ ಎಂದೂ ಅಷ್ಟಿರಲಿಲ್ಲ. ಅವುಗಳಲ್ಲೊಂದು 2005ರ ಜುಲೈಯಲ್ಲಿ ಕ್ಷಣಮಾತ್ರದಲ್ಲಿ ನೆಲಕಚ್ಚಿತು. 1878ರಲ್ಲಿ ‘ಲಾಕ್ ಆರ್ಡ್’ ಹಡಗು ಒಡೆದು, ಅದರಲ್ಲಿದ್ದ 54 ಮಂದಿಯಲ್ಲಿ ಟಾಮ್ ಮತ್ತು ಈವಾ ಎಂಬ ಇಬ್ಬರೇ ಬದುಕುಳಿದ ಕಣಿವೆಯ ಬಳಿ, ಮತ್ತೊಂದು ಕಮಾನು 2009ರಲ್ಲಿ ಬಿದ್ದಿತು. ಉಳಿದ ಎರಡು ಕಂಬಗಳಿಗೆ ಆ ಇಬ್ಬರ ಹೆಸರನ್ನೇ ಇಡಲಾಗಿದೆ.

ತಂದೆಯ ಕೈಯಲ್ಲಿ ಹಳೆಯ ಫೋಟೋ ಇದೆ. ಅದರಲ್ಲಿರುವ ಸೇತುವೆ ಇಲ್ಲ. ಮಗನ ತಾಯಿಯೂ ಈಗಿಲ್ಲ. ಕಡಲು ಕಸಿದುಕೊಂಡಿತೆಂದು ಅವನು ಕೊರಗಬಹುದು. ಆದರೆ ಸುಣ್ಣಕಲ್ಲನ್ನು ಕೊರೆದು ಗವಿಯಾಗಿಸಿದ್ದು, ಗವಿಯನ್ನು ಕಮಾನಾಗಿಸಿದ್ದು, ಕಮಾನನ್ನು ಕೆಡವಿ ಕಂಬವಾಗಿಸಿದ್ದು ಎಲ್ಲವೂ ಅದೇ ಅಲೆ. ಅದು ಕೊರೆಯದೆ ಇದ್ದಿದ್ದರೆ ಕೆಡವಲು ಸೇತುವೆಯೇ ಇರುತ್ತಿರಲಿಲ್ಲ. ನಾವು ಪ್ರೀತಿಸಿದ ರೂಪವನ್ನು ಕೊಟ್ಟದ್ದೂ ಕಾಲವೇ, ಕೊಂಡೊಯ್ದದ್ದೂ ಕಾಲವೇ.

ಗತಕಾಲವು ಬೇರೆಲ್ಲೂ ಇಲ್ಲ, ನೆನಪಿನ ರೂಪದಲ್ಲಿ ಈಗಲೇ ನಮ್ಮೊಳಗಿದೆ ಎಂಬುದು ಸಂತ ಅಗಸ್ಟೀನರ ವಿಚಾರ. ಹಾಗಿದ್ದಲ್ಲಿ ಕಳೆದುದನ್ನು ಮರಳಿ ಪಡೆಯಲೆಂದು ಅಲ್ಲಿಗೆ ಹೋಗಬೇಕಾಗಿಲ್ಲ. ತಂದೆ ಫೋಟೋವನ್ನು ಮೊಮ್ಮಗಳ ಕೈಗಿತ್ತು, “ಇಲ್ಲೇ ನಿನ್ನ ಅಜ್ಜಿ ನಿಂತಿದ್ದಳು” ಎಂದು ಹೇಳಿದರೆ, ಆ ಪಯಣ ಸಾರ್ಥಕ.

ನಮ್ಮ ಮನೆಗಳಲ್ಲೂ ಇಂದಿಗೂ ನಿಂತಿರುವ ಸೇತುವೆಗಳಿವೆ. ವೃದ್ಧ ತಂದೆತಾಯಂದಿರು, ದೂರದ ಒಡಹುಟ್ಟಿದವರು. ಅವರ ಬಳಿಗೆ ಹೋದಾಗ ಹದಿನೈದು ನಿಮಿಷಗಳ ಬಸ್ಸಿನ ಪ್ರಯಾಣಿಕರಾಗದಿರೋಣ. ಸಂಜೆಯವರೆಗಾದರೂ ಉಳಿಯೋಣ.