ಒಂದು ಬೇಸಗೆಯ ಕೀರ್ತಿ

ಕ್ರೀಡೆಯ ಚರಿತ್ರೆ ಬಹುಮಟ್ಟಿಗೆ ದೀರ್ಘಕಾಲ ಆಡಿದವರ ಚರಿತ್ರೆ. ಇಪ್ಪತ್ತು ವರ್ಷ ಕಣದಲ್ಲಿ ನಿಂತವರು, ದಾಖಲೆಗಳನ್ನು ಮುರಿದವರು ನಮ್ಮ ನೆನಪಿನಲ್ಲಿ ಉಳಿಯುತ್ತಾರೆ. ಆದರೆ ಕೆಲವು ದಿನಗಳಿಂದ ನನ್ನ ಮನಸ್ಸನ್ನು ಹಿಡಿದಿರುವವನು ಒಂದೇ ಒಂದು ಬೇಸಗೆ ಬೆಳಗಿ ಮರೆಯಾದ ಆಟಗಾರ: ಅಮೆರಿಕದ ಮಾರ್ಕ್ ಫಿಡ್ರಿಚ್.

ನಾನು ಬೇಸ್‌ಬಾಲ್ ಆಡಿದವನಲ್ಲ. ಆ ಆಟದಲ್ಲಿ ಪಿಚರ್ ಎನಿಸಿಕೊಂಡವನು ಮಣ್ಣಿನ ದಿಬ್ಬವೊಂದರ ಮೇಲೆ ನಿಂತು, ಅರವತ್ತು ಅಡಿ ದೂರದ ಬ್ಯಾಟುಗಾರನತ್ತ ಚೆಂಡನ್ನು ನೆಲಕ್ಕೆ ತಾಕಿಸದೆ ಎಸೆಯುತ್ತಾನೆ. ಪಂದ್ಯದ ಭಾರವೆಲ್ಲ ಅವನ ಭುಜದ ಮೇಲೆ. ನನಗೆ ತಿಳಿದದ್ದು ಇಷ್ಟೇ. ಹೀಗಿರುವಾಗ 1976ರ ಜೂನ್ 28ರಂದು ಡೆಟ್ರಾಯಿಟ್ ನಗರದಲ್ಲಿ ನಡೆದ ಪಂದ್ಯದ ಹಳೆಯ ಚಿತ್ರಮುದ್ರಿಕೆಯೊಂದನ್ನು ಆಕಸ್ಮಿಕವಾಗಿ ನೋಡಿದೆ.

ದಿಬ್ಬದ ಮೇಲೆ ಇಪ್ಪತ್ತೊಂದು ವರ್ಷದ, ಗುಂಗುರು ಕೂದಲಿನ ನೀಳಕಾಯದ ತರುಣ. ಮಂಡಿಯೂರಿ ಕುಳಿತು ಮಣ್ಣನ್ನು ಕೈಯಿಂದಲೇ ಸಮಮಾಡುತ್ತಾನೆ. ಎಸೆಯುವ ಮೊದಲು ಚೆಂಡನ್ನು ಮುಖದ ಮುಂದೆ ಹಿಡಿದು ಏನನ್ನೋ ಹೇಳುತ್ತಾನೆ. ಚೆಂಡಿನೊಡನೆ ಮಾತನಾಡುವವನೆಂದೇ ಆತ ದೇಶಕ್ಕೆಲ್ಲ ಪ್ರಸಿದ್ಧ. ತಾನು ಎಚ್ಚರಿಸಿಕೊಳ್ಳುತ್ತಿದ್ದುದು ತನ್ನನ್ನೇ ಎಂದು ಆತನ ವಿವರಣೆ. ಎದುರಾಳಿ ಬಾರಿಸಿದ ಚೆಂಡನ್ನು ಅಂಪೈರಿಗೆ ಮರಳಿಸಿ ಬೇರೊಂದನ್ನು ಕೇಳುವುದೂ ಆತನ ವಾಡಿಕೆ. ಅದು ಚೀಲದೊಳಗಿನ ಇತರ ಚೆಂಡುಗಳ ಸಹವಾಸದಲ್ಲಿ ಸ್ವಲ್ಪ ಬುದ್ಧಿ ಕಲಿಯಲಿ ಎಂಬ ಭಾವ. ಜೊತೆಗಾರನು ಸೊಗಸಾಗಿ ಚೆಂಡು ತಡೆದರೆ ಅವನ ಬಳಿಗೇ ಹೋಗಿ ಕೈಕುಲುಕುತ್ತಿದ್ದ. ಅಂದು ಪ್ರಬಲವಾದ ನ್ಯೂಯಾರ್ಕ್ ಯಾಂಕೀಸ್ ತಂಡ 5-1ರಿಂದ ಸೋತಿತು. ನೆರೆದಿದ್ದ 47,000ಕ್ಕೂ ಮಿಕ್ಕ ಜನ ಆಟ ಮುಗಿದರೂ ಕದಲಲಿಲ್ಲ. ಆತ ಮತ್ತೆ ಹೊರಬಂದು ಮುಖ ತೋರಿಸಿದ ಮೇಲೆಯೇ ಅವರಿಗೆ ಸಮಾಧಾನ.

ಆ ವರ್ಷದ ಲೆಕ್ಕ ನಂಬಲಸದಳವಾದುದು. ಹಿಂದಿನ ವರ್ಷ 102 ಪಂದ್ಯಗಳಲ್ಲಿ ಸೋತು ಕಂಗೆಟ್ಟಿದ್ದ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಈ ಹೊಸಬ 19 ಗೆಲುವುಗಳನ್ನು ತಂದ, ಸೋತದ್ದು 9ರಲ್ಲಿ. ಆರಂಭಿಸಿದ 29 ಪಂದ್ಯಗಳ ಪೈಕಿ 24ರಲ್ಲಿ ಬದಲಿಯಿಲ್ಲದೆ ಕೊನೆಯವರೆಗೂ ತಾನೊಬ್ಬನೇ ಎಸೆದ. ಒಂಬತ್ತು ಇನಿಂಗ್ಸ್ ದಾಟಿ ಹನ್ನೊಂದರವರೆಗೆ ಎಸೆದದ್ದೂ ಉಂಟು. ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿಯೂ ಬಂದಿತು. ಸಂಬಳ ಮಾತ್ರ ಹೊಸಬರಿಗೆ ಕೊಡುವ ಕನಿಷ್ಠ ಮೊತ್ತ: 16,500 ಡಾಲರು.

ಮರುವರ್ಷದ ಮಾರ್ಚಿಯಲ್ಲಿ, ಅಭ್ಯಾಸದ ಕಾಲದಲ್ಲಿ, ಮೈದಾನದಂಚಿನಲ್ಲಿ ಚೆಂಡು ಹಿಡಿಯುತ್ತಿದ್ದಾಗ ಮಂಡಿಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಮರಳಿದ. ಜುಲೈಯಲ್ಲಿ ಎಸೆಯುತ್ತಿರುವಾಗಲೇ ತೋಳು ಸತ್ತಂತಾಯಿತು. ಮುಂದಿನ ಮೂರು ವರ್ಷಗಳಲ್ಲಿ ಗೆದ್ದದ್ದು ನಾಲ್ಕೇ ಪಂದ್ಯ. 1980ಕ್ಕೆ ಮೇಜರ್ ಲೀಗಿನ ಬಾಳು ಮುಗಿಯಿತು: ಐದು ವರ್ಷ, 58 ಪಂದ್ಯ, 29 ಗೆಲುವು, 19 ಸೋಲು. ಕೆಳಗಿನ ದರ್ಜೆಯ ತಂಡಗಳಲ್ಲಿ ಹೆಣಗಿ 1983ರಲ್ಲಿ ಆಟವನ್ನೇ ಬಿಟ್ಟ. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಬಂಧ ಹರಿದಿದೆ ಎಂದು ಜೇಮ್ಸ್ ಆ್ಯಂಡ್ರೂಸ್ ಎಂಬ ವೈದ್ಯರು ಕಂಡುಹಿಡಿದದ್ದು 1985ರಲ್ಲಿ. ಹರಿದ ಭುಜದಿಂದ ಆತ ಅಷ್ಟು ವರ್ಷ ಚೆಂಡೆಸೆಯಲು ಹೆಣಗಿದ್ದ!

ಇದನ್ನೋದಿದಾಗ ನನ್ನ ಬಾಯಿಂದ ಮೊದಲು ಹೊರಟ ಮಾತು, “ಪಾಪ!” ಎಂಬುದು. ನಾನು ಬಹುಕಾಲ ಉಪಾಧ್ಯಾಯನಾಗಿದ್ದವನು. ಒಂದು ವರ್ಷ ತರಗತಿಯನ್ನೆಲ್ಲ ಬೆಳಗಿ, ಮುಂದೆ ಯಾವ ಪಟ್ಟಿಯಲ್ಲಿಯೂ ಕಾಣದೆ ಹೋದ ಹುಡುಗರನ್ನು ಕಂಡಿದ್ದೇನೆ. ಅವರಲ್ಲೊಬ್ಬ ಅಂಗಡಿಯಲ್ಲೋ ಬಸ್ಸಿನಲ್ಲೋ ಎದುರಾದರೆ, ಕುಶಲ ವಿಚಾರಿಸುವಾಗಲೂ ಮನಸ್ಸು ಒಳಗೊಳಗೇ ಇದೇ ಮಾತನ್ನು ಹೇಳುತ್ತಿತ್ತು.

ಆದರೆ ಫಿಡ್ರಿಚ್ ಮುಂದೆ ಮಾಡಿದ್ದೇನು? ಮ್ಯಾಸಚೂಸೆಟ್ಸ್ ಸಂಸ್ಥಾನದ ನಾರ್ತ್‌ಬರೋ ಎಂಬ ತನ್ನೂರಿಗೆ ಹಿಂದಿರುಗಿ ನೂರಕ್ಕೂ ಹೆಚ್ಚು ಎಕರೆಯ ಹೊಲ ಮಾಡಿದ, ಮಣ್ಣು ಸಾಗಿಸುವ ಲಾರಿ ಓಡಿಸಿದ, ಸಂಸಾರ ಹೂಡಿದ. ತನಗೆ ಅನ್ಯಾಯವಾಯಿತೆಂದು ಕೊರಗುತ್ತ ಕೂರಲಿಲ್ಲ. 2009ರ ಏಪ್ರಿಲ್ 13ರಂದು ಅದೇ ಲಾರಿಯನ್ನು ದುರಸ್ತಿಮಾಡುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡ. ಆಗ ಐವತ್ತನಾಲ್ಕು ವಯಸ್ಸು.

ಆತನ ಬಾಳಿನ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳು ಹೀಗೆ ಹೊಲ, ಲಾರಿ, ಮನೆಗಳ ನಡುವೆ ಕಳೆದವು. ಅವನ್ನೆಲ್ಲ “ಪಾಪ” ಎಂಬ ಒಂದೇ ಪದದಲ್ಲಿ ಮುಚ್ಚಿಬಿಡಲು ನನಗೇನು ಅಧಿಕಾರ? ಆಟ ಮುಗಿದರೂ ಕದಲದ ಆ ಜನರಂತೆ ನಾನೂ ಆತನಿಂದ ಇನ್ನಷ್ಟು ಬಯಸಿದವನು. ಸಿಗದಿದ್ದುದಕ್ಕೆ ಮರುಗಿದ್ದು ಆತನಿಗಾಗಿಯೋ ನನಗಾಗಿಯೋ ಎಂಬುದೂ ಅನುಮಾನ. ಭುಜದ ಗಾಯ ಬೇಗ ತಿಳಿದಿದ್ದರೆ ಚೆನ್ನಾಗಿತ್ತು. ಆ ನಷ್ಟ ನಿಜವಾದುದೇ. ಆದರೆ ಆ ಬೇಸಗೆಯೂ ಅಷ್ಟೇ ನಿಜ, ಆಮೇಲಿನ ಹೊಲವೂ ಅಷ್ಟೇ ನಿಜ.

ಇನ್ನು ಮುಂದೆ ಹಳೆಯ ಶಿಷ್ಯನೊಬ್ಬ ಎದುರಾದರೆ, ಆಗಬಹುದಾಗಿದ್ದುದನ್ನು ಮನಸ್ಸಿನಲ್ಲಿ ಲೆಕ್ಕಹಾಕದೆ, ಈಗ ಏನು ಮಾಡುತ್ತಿದ್ದೀಯಪ್ಪ ಎಂದು ಕೇಳಿ, ಅವನ ಉತ್ತರವನ್ನು ಪೂರ್ತಿಯಾಗಿ ಕೇಳಬೇಕೆಂದಿದ್ದೇನೆ.