ಹುಲ್ಲಿನಂಗಳದ ಹೊಸ ವಾರಸುದಾರ

೨೦೦೩ನೆಯ ಇಸವಿಯ ಜುಲೈ ೬ರಂದು ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ ಪ್ರಥಮ ಬಾರಿಗೆ ವಿಂಬಲ್ಡನ್ ಪ್ರಶಸ್ತಿಯನ್ನು ಗೆದ್ದರು. ಅಂದು ಸ್ಪೇನಿನ ಎಲ್ ಪಾಲ್ಮಾರ್ ಎಂಬ ಊರಿನಲ್ಲಿ ಕಾರ್ಲೋಸ್ ಅಲ್ಕರಾಜ್ ಎರಡು ತಿಂಗಳ ಹಸುಗೂಸು.

ಅಲ್ಲಿಂದ ೨೦೨೨ರವರೆಗೆ ಅಲ್ಲಿಯ ಪುರುಷರ ಸಿಂಗಲ್ಸ್ ಪ್ರಶಸ್ತಿಯು ಫೆಡರರ್, ನಡಾಲ್, ಜೊಕೊವಿಚ್, ಮರ್ರೆ ಎಂಬ ನಾಲ್ವರ ಕೈದಾಟಿ ಹೋಗಲಿಲ್ಲ. ನಡುವೆ ಬಂದ ಅನೇಕ ಪ್ರತಿಭಾವಂತರು ಹೊಸ್ತಿಲವರೆಗೆ ಬಂದು ಹಿಂದಿರುಗಿದರು. ೨೦೨೨ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಫೆಡರರ್ ಆಟಕ್ಕೆ ವಿದಾಯ ಹೇಳಿದಾಗ, ಬಹುಕಾಲದ ಎದುರಾಳಿ ನಡಾಲ್ ಪಕ್ಕದಲ್ಲಿಯೇ ಕುಳಿತು ಕಣ್ಣೀರಿಟ್ಟರು.

ಮರುವರ್ಷದ ವಿಂಬಲ್ಡನ್ ಫೈನಲಿನಲ್ಲಿ ಮೂವತ್ತಾರರ ಜೊಕೊವಿಚ್‌ರನ್ನು ಎದುರಿಸಿದವನು ಇಪ್ಪತ್ತರ ಅಲ್ಕರಾಜ್. ಮೊದಲ ಸೆಟ್ ೬-೧ರಿಂದ ಹಿರಿಯರ ಪಾಲಾಯಿತು. ತರುಣನು ಎದೆಗುಂದಲಿಲ್ಲ. ನಾಲ್ಕು ಗಂಟೆ ನಲವತ್ತೆರಡು ನಿಮಿಷಗಳ ಸೆಣಸಾಟದ ಕೊನೆಗೆ ಐದನೆಯ ಸೆಟ್ಟನ್ನು ೬-೪ರಿಂದ ಗೆದ್ದನು.

ಫೆಡರರ್, ನಡಾಲ್ ಮತ್ತು ತಮ್ಮ ಆಟದ ಸತ್ವಗಳೆಲ್ಲವೂ ಈ ಹುಡುಗನಲ್ಲಿ ಕೂಡಿವೆಯೆಂದು ಸೋತ ಜೊಕೊವಿಚ್ ಮುಕ್ತಕಂಠದಿಂದ ಹೊಗಳಿದರು. ೨೦೨೪ ಮತ್ತು ೨೦೨೫ರ ಎಂಟು ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿಗಳನ್ನು ಅಲ್ಕರಾಜ್ ಮತ್ತು ಇಟಲಿಯ ಯಾನಿಕ್ ಸಿನ್ನರ್ ನಾಲ್ಕು ನಾಲ್ಕರಂತೆ ಸಮಪಾಲಾಗಿ ಹಂಚಿಕೊಂಡರು.

ಪಿತ್ರಾರ್ಜಿತ ಆಸ್ತಿ ಹುಟ್ಟಿನಿಂದ ಬಂದೀತು. ಆಟದ ಅಂಗಳದ ವಾರಸುದಾರಿಕೆಯನ್ನು ಮಾತ್ರ ಹಿರಿಯರನ್ನು ಗೆದ್ದೇ ಪಡೆಯಬೇಕು.