ಡೆಕ್ಕನ್ ಲಾವಾದ ಕಾಲ ತಿಳಿಸಿದ ಕಡಲ ಚಿಪ್ಪುಗಳು

ಬೀದರ್, ಕಲಬುರಗಿ, ವಿಜಯಪುರದ ಕಪ್ಪು ಕಲ್ಲು ಒಂದಾನೊಂದು ಕಾಲದಲ್ಲಿ ಲಾವಾ ಆಗಿ ಹರಿದದ್ದು ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಡೈನೋಸಾರ್‌ಗಳು ಅಳಿಯುವ ಮುನ್ನ ಆ ಲಾವಾ ಹರಿಯಿತೇ, ನಂತರವೇ ಎಂಬುದೇ ವಿವಾದ. ಮುನ್ನವಾದರೆ ಅಳಿವಿನಲ್ಲಿ ಅದರ ಪಾಲೂ ಇರಬಹುದು. ನಂತರವಾದರೆ ಹೊಣೆಯೆಲ್ಲ ಮೆಕ್ಸಿಕೊದಲ್ಲಿ ಅಪ್ಪಳಿಸಿದ ಕ್ಷುದ್ರಗ್ರಹದ್ದು.

ಪಶ್ಚಿಮಘಟ್ಟದ ಲಾವಾ ಹರಿದದ್ದು ನೆಲದ ಮೇಲೆ. ಹಾಗಾಗಿ ಅಲ್ಲಿ ಕಡಲಿನ ಪಳೆಯುಳಿಕೆಗಳಿಲ್ಲ. ಆದರೆ ಸುಮಾರು 1000 ಕಿ.ಮೀ. ದೂರದ ಆಂಧ್ರದ ರಾಜಮಂಡ್ರಿಯ ಕ್ವಾರಿಗಳಲ್ಲಿ ಎರಡು ಲಾವಾ ಪದರಗಳ ನಡುವೆ ಕಡಲ ಕೆಸರು ಗಟ್ಟಿಯಾಗಿ ಕುಳಿತಿದೆ. ಅದರಲ್ಲಿರುವುದು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳು. ಇವುಗಳಲ್ಲಿ ನೀರಿನಲ್ಲಿ ತೇಲಾಡುವ ಬಗೆಯವು ಪ್ಲಾಂಕ್ಟನ್ ವರ್ಗಕ್ಕೆ ಸೇರುತ್ತವೆ. ಗಾತ್ರ ಹೆಚ್ಚಾಗಿ ಒಂದು ಮಿಲಿಮೀಟರ್‌ಗಿಂತ ಕಡಿಮೆ.

ಈ ಜೀವಿಗಳನ್ನು ಪ್ರವಾಹಗಳು ಸಾಗರದಿಂದ ಸಾಗರಕ್ಕೆ ಒಯ್ಯುತ್ತವೆ, ಹೊಸ ಜಾತಿಗಳು ಬೇಗ ಹುಟ್ಟಿ ಬೇಗ ಅಳಿಯುತ್ತವೆ, ಸತ್ತವು ತಳಕ್ಕೆ ಇಳಿದು ಕೆಸರಾಗುತ್ತವೆ. ಆದ್ದರಿಂದ ಬಹುದೂರದ ಎರಡು ಪದರಗಳಲ್ಲಿ ಒಂದೇ ಅಲ್ಪಾಯುಷಿ ಜಾತಿ ಸಿಕ್ಕರೆ ಅವು ಹೆಚ್ಚುಕಡಿಮೆ ಸಮಕಾಲೀನ ಎನ್ನಬಹುದು.

6.6 ಕೋಟಿ ವರ್ಷಗಳ ಹಿಂದಿನ ಮಹಾ ಅಳಿವಿನಲ್ಲಿ ತೇಲುವ ಫೊರಾಮಿನಿಫೆರಾದ ಬಹುಪಾಲು ಜಾತಿಗಳು ನಾಶವಾದವು. ಬೆನ್ನಲ್ಲೇ ಪುಟ್ಟ ಹೊಸ ಜಾತಿಗಳು ಕಾಣಿಸಿಕೊಂಡವು. ಅವುಗಳಲ್ಲಿ ಮುಖ್ಯವಾದದ್ದು ಪಾರ್ವುಲರುಗೋಗ್ಲೊಬಿಜೆರಿನಾ ಯುಗುಬಿನಾ. ನಾಲಿಗೆ ತೊಡರಿಸುವ ಈ ಹೆಸರಿನ ಕೊನೆಯ ಭಾಗ ಇಟಲಿಯ ಗುಬ್ಬಿಯೊ ಪಟ್ಟಣದಿಂದ ಬಂದದ್ದು. 1964ರಲ್ಲಿ ಇದನ್ನು ವರ್ಣಿಸಲಾಯಿತು. ಇದು ಬದುಕಿದ್ದು ಕೆಲವೇ ಲಕ್ಷ ವರ್ಷ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗರ್ಟಾ ಕೆಲ್ಲರ್, ಭಾರತದ ಸುನಿಲ್ ಬಾಜಪೇಯಿ ಮತ್ತಿತರರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಾಜಮಂಡ್ರಿಯ ಕೆಳ ಲಾವಾದ ಮೇಲೆ ಕುಳಿತ ಕೆಸರಿನಲ್ಲಿ ಸಿಕ್ಕಿದ್ದು ಇದೇ ಅವಧಿಯ ಚಿಪ್ಪುಗಳ ಗುಂಪು. ಅಂದರೆ ಅಳಿವಿನ ಬೆನ್ನಿಗೇ ಕಡಲು ಆ ಲಾವಾದ ಮೇಲೆ ಹರಡಿತ್ತು. ಲಾವಾ ಅದಕ್ಕೂ ಮೊದಲಿನದು. ಡೆಕ್ಕನ್‌ನ ಮುಖ್ಯ ಉಗುಳುವಿಕೆ ಅಳಿವಿನ ಹೊತ್ತಿಗೆ ಮುಗಿದಿತ್ತೆಂದು ತಂಡ ವಾದಿಸಿತು.

ಚಿಪ್ಪುಗಳು ಹೇಳುವುದು ಹಿಂದುಮುಂದಿನ ಕ್ರಮವನ್ನು ಮಾತ್ರ, ವರ್ಷದ ಲೆಕ್ಕವನ್ನಲ್ಲ. ಹಳೆಯ ಪದರದಿಂದ ಕೊಚ್ಚಿಬಂದ ಚಿಪ್ಪು ದಾರಿ ತಪ್ಪಿಸುವುದೂ ಉಂಟು. ವರ್ಷದ ಲೆಕ್ಕಕ್ಕೆ ಕಲ್ಲಿನೊಳಗಿನ ವಿಕಿರಣಶೀಲ ಧಾತುಗಳನ್ನೇ ಅಳೆಯಬೇಕು. ಪಶ್ಚಿಮಘಟ್ಟದ ಕಲ್ಲನ್ನು ಹೀಗೆ ಅಳೆದು 2019ರಲ್ಲಿ ಎರಡು ತಂಡಗಳು ವರದಿ ಪ್ರಕಟಿಸಿದವು. ಒಂದು, ಕ್ಷುದ್ರಗ್ರಹ ಬೀಳುವ ತುಸು ಮುನ್ನ ಭಾರೀ ಲಾವಾ ಉಕ್ಕಿತೆಂದಿತು. ಇನ್ನೊಂದು, ಮುಕ್ಕಾಲು ಪಾಲು ನಂತರವೇ ಎಂದಿತು.